ಮನೆಮಂದಿಯ ಆರೋಗ್ಯ: ಬೆನ್ನುನೋವಿನ ಎರಡನೆಯ ಮಾತು

ಕಳೆದ ಸಂಚಿಕೆಯಲ್ಲಿ ಮಳೆಗಾಲದ ನೀರು, ಅದರಿಂದ ಬರುವ ಹೊಟ್ಟೆಯ ಕಾಯಿಲೆ ಇವುಗಳ ವಿಚಾರ ಬರೆದಿದ್ದೆವು. ಈ ಸಲ ಬೆನ್ನಿನ ವಿಚಾರ. ಬೆನ್ನುನೋವು ಹೌರಾದಲ್ಲಿ ಯಾರಿಗೆ ತಾನೆ ಹೊಸದು? ಮೂರನೆಯ ಮಹಡಿಗೆ ನೀರಿನ ಬಕೆಟ್ಟು ಹೊತ್ತವರಿಗೆ, ತುಂಬಿದ ಬಸ್ಸಿನಲ್ಲಿ ಒಂದೇ ಕಾಲಿನ ಮೇಲೆ ನಿಂತು ಸೇತುವೆ ದಾಟಿದವರಿಗೆ, ಊರಿನಿಂದ ಬರುವಾಗ ರಾಗಿಯ ಚೀಲ, ಉಪ್ಪಿನಕಾಯಿಯ ಜಾಡಿಗಳನ್ನು ಕೂಲಿಯವನಿಗೆ ಕೊಡದೆ ತಾವೇ ಹೊತ್ತ ಮಹನೀಯರಿಗೆ ಬೆನ್ನು ನೋಯದಿದ್ದರೇ ಆಶ್ಚರ್ಯ. ಇಂಥ ನೋವು ನಾಲ್ಕು ದಿನ ಕಾಡಿ, ಎಣ್ಣೆ ಕಂಡು, ಬಿಸಿನೀರು ಕಂಡು, ತಾನಾಗಿಯೇ ಹೊರಟುಹೋಗುತ್ತದೆ. ಅದರ ಮೇಲೆ ನಮ್ಮ ದೂರೇನೂ ಇಲ್ಲ. ನಾವು ಹೇಳಹೊರಟಿರುವುದು ಹೋಗದೆ ಉಳಿಯುವ ನೋವಿನ ಮಾತು. ಬೆನ್ನೆಲುಬಿನ ಕ್ಷಯದ ಮಾತು.

ಅದಕ್ಕೆ ಮುಂಚೆ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಶಿಬಪುರದಲ್ಲಿ ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ ನಮ್ಮವರದೇ ಒಂದು ಸಂಸಾರ. ಗಂಡನಿಗೆ ಖಾಸಗಿ ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ. ಹೆಂಡತಿ ಹಾಸನದ ಕಡೆಯ ಹುಡುಗಿ, ಇಪ್ಪತ್ತಾರು ವರ್ಷ, ಕಂಕುಳಲ್ಲಿ ಎಂಟು ತಿಂಗಳ ಕೂಸು. ಒಂದು ದಿನ ಬಂದು, “ಅಕ್ಕಾ, ಬೆನ್ನು ಹಿಡ್ಕೊಂಡುಬಿಟ್ಟಿದೆ” ಎಂದಳು. “ಬಾಣಂತನದ ನಿಶ್ಶಕ್ತಿ ಕಣೇ. ಮಗೂನ ಎತ್ತಿ ಎತ್ತಿ ಹಾಗಾಗಿದೆ” ಎಂದು ನಾವು ನೀಲಗಿರಿ ಎಣ್ಣೆಯ ಸೀಸೆಯನ್ನು ಕೈಗಿತ್ತು ಕಳುಹಿಸಿದೆವು. ಆಕೆ ಇನ್ನೂ ಏನೋ ಹೇಳುವವಳಿದ್ದಳು. ನಮ್ಮ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಕೇಳಲಿಲ್ಲ.

ಆಮೇಲೆ ಗಂಡ ಹೆಂಡತಿ ಹತ್ತಿರದ ಒಂದು ದವಾಖಾನೆಗೆ ಹೋದರು. ಆಕೆಗೆ ಬಂಗಾಳಿ ಬಾರದು. ಗಂಡನಿಗೆ ಬರುವುದು ಮಾರುಕಟ್ಟೆಯ ಬಂಗಾಳಿ. ಆಕೆ ಕನ್ನಡದಲ್ಲಿ ಹೇಳಿದ್ದಿಷ್ಟು: “ಬೆನ್ನು ನೋಯುತ್ತೆ. ಮಲಗಿದರೂ ಬಿಡೋಲ್ಲ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತೆ. ಸಾಯಂಕಾಲ ಮೈ ಬೆಚ್ಚಗಾಗುತ್ತೆ.” ಗಂಡ ಡಾಕ್ಟರಿಗೆ ಹೇಳಿದ್ದು ಎರಡೇ ಶಬ್ದ: “ಕೊಮೊರೆ ಬ್ಯಥಾ.” ಎಂದರೆ ಸೊಂಟ ನೋವು. ರಾತ್ರಿಯ ಮಾತು, ಸಾಯಂಕಾಲದ ಮಾತು ಭಾಷಾಂತರದಲ್ಲಿ ಬಿದ್ದುಹೋದುವು. ನೋವಿನ ಗುಳಿಗೆ ಸಿಕ್ಕಿತು, ಹತ್ತು ದಿನ ಹಿತವಾಯಿತು, ಮತ್ತೆ ಮೊದಲಿನಂತೆ. ಎರಡು ತಿಂಗಳಿಗೆ ಎಕ್ಸ್‌ರೇ ತೆಗೆಸಿದರು. ಅದರಲ್ಲಿ ಏನೂ ಕಾಣಲಿಲ್ಲ. ಏನೂ ಇಲ್ಲವೆಂದ ಮೇಲೆ ನೋಯುತ್ತದೆನ್ನುವ ಸೊಸೆಗೆ ಊರಿನಿಂದ ಫೋನಿನಲ್ಲಿ ಬರುವ ಬಿರುದು ಯಾವುದೆಂದು ನಮ್ಮ ಸೋದರಿಯರಿಗೆ ಹೇಳಬೇಕಾಗಿಲ್ಲ: ಸೋಮಾರಿ.

ನಾಲ್ಕನೆಯ ತಿಂಗಳಲ್ಲಿ ಒಂದು ಸಂಜೆ ಆಕೆ ನಮ್ಮ ಮೆಟ್ಟಿಲು ಹತ್ತಿ ಬಂದಳು. ನೋಡಿದರೆ ಒಂದು ಕಾಲಿನಲ್ಲಿ ಚಪ್ಪಲಿ ಇಲ್ಲ. ಅದು ಐದು ಮೆಟ್ಟಿಲು ಕೆಳಗೆ ಬಿದ್ದಿತ್ತು. ಬಿದ್ದದ್ದೇ ಆಕೆಗೆ ತಿಳಿದಿರಲಿಲ್ಲ. ಆಗ ನಮ್ಮ ಎದೆ ಝಲ್ಲೆಂದಿತು. ಮರುದಿನವೇ ಗಂಗೆಯಾಚೆಯ ಒಂದು ದೊಡ್ಡ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಯ ವಯಸ್ಸಾದ ಡಾಕ್ಟರರೊಬ್ಬರು ಗಂಡನನ್ನೂ ನಮ್ಮನ್ನೂ ಸುಮ್ಮನಿರಿಸಿ, ನೇರವಾಗಿ ಆಕೆಯನ್ನೇ ಸುಲಭವಾದ ಹಿಂದಿಯಲ್ಲಿ ಕೇಳಿದರು: “ರಾತ್ರಿ ಹೇಗಿರುತ್ತದೆ?” ನಾಲ್ಕು ತಿಂಗಳಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದೊಂದೇ. ಹುಡುಗಿ ಅತ್ತುಬಿಟ್ಟಳು.

ಈ ಕಥೆಯ ಉಳಿದ ಭಾಗ ಕೊನೆಗೆ. ಈಗ ರೋಗದ ಪರಿಚಯ.

ಕ್ಷಯವೆಂದರೆ ಕೆಮ್ಮು, ಕಫ, ಸಿನಿಮಾ ನಾಯಕನ ಕೈವಸ್ತ್ರದ ಮೇಲಿನ ರಕ್ತ, ಇಷ್ಟೇ ನಮ್ಮ ತಿಳಿವಳಿಕೆ. ಆದರೆ ಕ್ಷಯದ ಕ್ರಿಮಿ ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಬಂದು, ಅಲ್ಲಿಂದ ರಕ್ತದ ಜೊತೆ ಮೈಯ ಯಾವ ಭಾಗಕ್ಕಾದರೂ ಹೋಗಬಲ್ಲುದು. ಹೋಗಿ ವರ್ಷಗಟ್ಟಲೆ ಮಲಗಿದ್ದು, ಶರೀರ ಸೋತಾಗ ಏಳಬಲ್ಲುದು. ಊಟ ಸಾಲದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಎಚ್‌ಐವಿ ಸೋಂಕಿನವರಲ್ಲಿ, ಸ್ಟೆರಾಯ್ಡ್ ಔಷಧಿ ಬಹುಕಾಲ ನುಂಗಿದವರಲ್ಲಿ ಅದು ಏಳುವ ಸಂಭವ ಹೆಚ್ಚು. ಎಲುಬು ಕೀಲುಗಳಿಗೆ ಬರುವ ಕ್ಷಯದಲ್ಲಿ ಸುಮಾರು ಅರ್ಧದಷ್ಟು ಬೆನ್ನೆಲುಬಿನದೇ.

ಬೆನ್ನೆಲುಬನ್ನು ಒಂದರ ಮೇಲೊಂದು ಜೋಡಿಸಿದ ಮಣಿಗಳ ಸರವೆಂದು ತಿಳಿಯಿರಿ. ಮಣಿ ಮಣಿಗಳ ನಡುವೆ ಒಂದು ಮೆತ್ತೆ. ಹಿಂದಿನ ಕೊಳವೆಯಲ್ಲಿ ಕಾಲುಗಳಿಗೆ ಅಪ್ಪಣೆ ಒಯ್ಯುವ ಬೆನ್ನುಹುರಿ. ಕ್ಷಯ ಸಾಮಾನ್ಯವಾಗಿ ಅಕ್ಕಪಕ್ಕದ ಎರಡು ಮಣಿಗಳು ಎದುರುಬದುರಾಗುವ ಅಂಚಿನಲ್ಲಿ ಹತ್ತಿಕೊಳ್ಳುತ್ತದೆ. ನಡುವಣ ಮೆತ್ತೆ ಸವೆಯುತ್ತದೆ, ಮಣಿಗಳ ಮುಂಭಾಗ ಕುಸಿಯುತ್ತದೆ, ಬೆನ್ನು ಮುಂದಕ್ಕೆ ಬಾಗಿ ಹಿಂದೆ ಗೂನು ಏಳುತ್ತದೆ. ಕೀವು ಕಟ್ಟುತ್ತದೆ, ಆದರೆ ಮಾಮೂಲು ಕುರುವಿನಂತೆ ಕೆಂಪಗಿರುವುದಿಲ್ಲ, ಬಿಸಿಯಿರುವುದಿಲ್ಲ. ಸ್ನಾಯುವಿನ ಗುಂಟ ಇಳಿದು ತೊಡೆಸಂದಿನಲ್ಲಿ ಗಂಟಿನಂತೆ ಕಾಣಿಸಿಕೊಳ್ಳುವುದೂ ಉಂಟು. ಕೀವೋ ಕುಸಿದ ಎಲುಬೋ ಬೆನ್ನುಹುರಿಯನ್ನು ಒತ್ತಿದರೆ ಕಾಲುಗಳು ಸೋಲುತ್ತವೆ. ಗೂನುಬೆನ್ನಿಗೂ ಕಾಲು ಸೋಲುವುದಕ್ಕೂ ಇರುವ ಈ ನಂಟನ್ನು 1779ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಬರೆದಿಟ್ಟ. ಆತನ ಹೆಸರಿನಿಂದಲೇ ಇದು ಇಂದಿಗೂ ಪಾಟನ ರೋಗ. ಕ್ರಿಮಿಯನ್ನು ಕಂಡು ತೋರಿಸಿದವನು ರಾಬರ್ಟ್ ಕಾಖ್, 1882ರಲ್ಲಿ, ಬರ್ಲಿನ್ನಿನಲ್ಲಿ. ಅದೇ ಕಾಖ್ 1883ರ ಕೊನೆಯಲ್ಲಿ ನಮ್ಮ ಕಲ್ಕತ್ತೆಗೇ ಬಂದು, ಇಲ್ಲಿಯ ರೋಗಿಗಳಲ್ಲಿ, ಇಲ್ಲಿಯ ಕೆರೆಯ ನೀರಿನಲ್ಲಿ ಕಾಲರಾ ಕ್ರಿಮಿಯನ್ನು ಹುಡುಕಿದವನು.

ಇನ್ನು ಮನೆಯಲ್ಲೇ ಗಮನಿಸಬೇಕಾದ ಗುರುತುಗಳು. ನೋವು ಆರು ವಾರ ಮೀರಿದೆಯೆ? ಮಲಗಿದರೂ ಬಿಡುವುದಿಲ್ಲವೆ? ರಾತ್ರಿ ಹೆಚ್ಚೆ? ಬೆನ್ನ ನಡುವೆ ಒಂದೇ ಜಾಗದಲ್ಲಿ ಒತ್ತಿದರೆ ಚುರುಕ್ಕೆನ್ನುತ್ತದೆಯೆ? ಸಂಜೆ ಸಣ್ಣ ಜ್ವರ, ರಾತ್ರಿ ಬೆವರು, ಊಟ ಸೇರದಿರುವುದು, ರವಿಕೆ ಸಡಿಲವಾಗುವಷ್ಟು ಇಳಿಯುವುದು, ಇವು ಉಂಟೆ? ಜ್ವರವಿಲ್ಲವೆಂದು ಧೈರ್ಯ ತಾಳಬೇಡಿ; ಅನೇಕರಿಗೆ ನೋವೊಂದೇ ಇರುತ್ತದೆ. ಮಕ್ಕಳಿರುವವರು ಒಂದು ಸುಲಭವಾದ ಪರೀಕ್ಷೆ ಮಾಡಬಹುದು. ನೆಲಕ್ಕೆ ಒಂದು ರೂಪಾಯಿ ನಾಣ್ಯ ಹಾಕಿ ಎತ್ತಿಕೊಡೆನ್ನಿ. ಸುಖವಾಗಿರುವ ಮಗು ಬೆನ್ನು ಬಗ್ಗಿಸಿ ಎತ್ತುತ್ತದೆ. ಬೆನ್ನಿಗೆ ರೋಗ ಹತ್ತಿದ ಮಗು ಬೆನ್ನನ್ನು ಕೋಲಿನಂತೆ ನೆಟ್ಟಗಿಟ್ಟು, ಮಂಡಿ ಮಡಿಸಿ ಕುಕ್ಕರಿಸಿ ಎತ್ತುತ್ತದೆ. ನಿದ್ದೆಯಲ್ಲಿ ಸ್ನಾಯು ಸಡಿಲವಾದಾಗ ನೋವಿನಿಂದ ಚೀರಿ ಏಳುವುದೂ ಉಂಟು. ಅದನ್ನು ದೃಷ್ಟಿಯೆಂದು ನಿವಾಳಿಸಿ ಸುಮ್ಮನಾಗಬೇಡಿ. ಎಲ್ಲಕ್ಕೂ ಹೆಚ್ಚಿನ ಗುರುತು ಕಾಲಿನದು. ನಡೆಯುವಾಗ ಎಡವುವುದು, ಕಾಲು ಬಿಗಿಯುವುದು, ಜೋಮು ಹಿಡಿಯುವುದು, ಚಪ್ಪಲಿ ತಾನಾಗಿ ಜಾರುವುದು, ಮೂತ್ರ ಕಟ್ಟುವುದು ಅಥವಾ ತಡೆಯಲಾಗದಿರುವುದು ಕಂಡರೆ ನಾಳೆಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಎಕ್ಸ್‌ರೇಯಲ್ಲಿ ಏಕೆ ಕಾಣಲಿಲ್ಲವೆಂದು ಕೇಳುವಿರಿ. ಎಲುಬಿನ ಸಾರ ಮೂರನೆಯ ಒಂದು ಪಾಲಿನಷ್ಟಾದರೂ ಕರಗುವ ತನಕ ಮಾಮೂಲು ಎಕ್ಸ್‌ರೇಗೆ ಅದು ಕಾಣುವುದು ಕಷ್ಟ. ಆದ್ದರಿಂದ ನೋವು ಉಳಿದಿದ್ದರೆ, ಶುದ್ಧವಾದ ಎಕ್ಸ್‌ರೇಯನ್ನು ಕೊನೆಯ ತೀರ್ಪೆಂದು ತಿಳಿಯಬಾರದು. ಎಂ.ಆರ್.ಐ. ಎಂಬ ಚಿತ್ರ ರೋಗವನ್ನು ಬಹಳ ಮುಂಚೆಯೇ ತೋರಿಸುತ್ತದೆ. ಕೀವು ಎಲ್ಲಿದೆ, ಹುರಿ ಎಷ್ಟು ಒತ್ತಿದೆ ಎಂಬುದನ್ನೂ ತಿಳಿಸುತ್ತದೆ. ಆದರೆ ಬೇರೆ ಸೋಂಕುಗಳೂ ಅರ್ಬುದವೂ ಕೆಲವೊಮ್ಮೆ ಇದೇ ವೇಷ ಹಾಕುತ್ತವೆ. ಅದಕ್ಕಾಗಿ ಸಾಧ್ಯವಾದಲ್ಲೆಲ್ಲ ಸೂಜಿಯಿಂದ ಎಲುಬಿನ ಚೂರನ್ನೋ ಕೀವನ್ನೋ ತೆಗೆದು ಪರೀಕ್ಷಿಸುತ್ತಾರೆ. ಸೂಜಿಯೆಂದರೆ ಹೆದರಿ ಓಡಿಬರಬೇಡಿ. ಸಿ.ಬಿ.ನ್ಯಾಟ್ ಎಂಬ ಯಂತ್ರ ಆ ಚೂರಿನಲ್ಲಿ ಕ್ಷಯದ ಕ್ರಿಮಿ ಇದೆಯೆ, ಮುಖ್ಯ ಔಷಧಿಯಾದ ರಿಫಾಂಪಿಸಿನ್ನಿಗೆ ಅದು ಬಗ್ಗುತ್ತದೆಯೆ ಎಂಬುದನ್ನು ಸುಮಾರು ಎರಡು ಗಂಟೆಯಲ್ಲಿ ಹೇಳುತ್ತದೆ. ಕ್ರಿಮಿಯನ್ನು ಬೆಳೆಸಿ ನೋಡುವ ಪರೀಕ್ಷೆಗೆ ವಾರಗಳೇ ಹಿಡಿಯುತ್ತವೆ. ಅದನ್ನೂ ಮಾಡಿಸುವುದು ಮೇಲು. ಯಂತ್ರ ಇಲ್ಲವೆಂದರೂ ರೋಗ ಇಲ್ಲವೆಂದಲ್ಲ. ಎಲುಬಿನಲ್ಲಿ ಕ್ರಿಮಿಗಳ ಸಂಖ್ಯೆ ಕಡಿಮೆ. ರಕ್ತದ ಇ.ಎಸ್.ಆರ್. ಏರಿದೆಯೆಂದ ಮಾತ್ರಕ್ಕೆ ಕ್ಷಯವೆಂದೂ ಹೇಳಲಾಗದು. ರಕ್ತ ಕೊಟ್ಟರೆ ಸಾಕು, ಪ್ರತಿವಿಷ ನೋಡಿ ಕ್ಷಯ ಹೇಳುತ್ತೇವೆ ಎನ್ನುತ್ತಿದ್ದ ಪರೀಕ್ಷೆಗಳನ್ನು ನಂಬಲಾಗದೆಂದು ಭಾರತ ಸರಕಾರ 2012ರಲ್ಲೇ ನಿಷೇಧಿಸಿದೆ.

ಈಗ ಚಿಕಿತ್ಸೆ. ಹಿಂದೆ ಈ ರೋಗಿಗಳನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಾಸಿಗೆಯಲ್ಲೇ ಮಲಗಿಸುತ್ತಿದ್ದರು. ಎದೆಯಿಂದ ಸೊಂಟದವರೆಗೆ ಸುಣ್ಣದ ಕವಚ ಕಟ್ಟುತ್ತಿದ್ದರು. ಆಗ ಔಷಧಿಯೇ ಇರಲಿಲ್ಲ. 1940ರ ದಶಕದಲ್ಲಿ ಸ್ಟ್ರೆಪ್ಟೋಮೈಸಿನ್, 1952ರಲ್ಲಿ ಐಸೋನಯಾಜಿಡ್ ಬಂದ ಮೇಲೆ ಕಾಲ ಬದಲಾಯಿತು. ಶ್ವಾಸಕೋಶದ ಕ್ಷಯಕ್ಕೆ ಮನೆಯಲ್ಲೇ ಔಷಧಿ ಕೊಟ್ಟರೂ ಸ್ಯಾನಿಟೋರಿಯಮ್ಮಿನಷ್ಟೇ ಗುಣವಾಗುತ್ತದೆಂದು ಮದರಾಸಿನ ಕೇಂದ್ರ 1959ರಲ್ಲಿ ಜಗತ್ತಿಗೆ ತೋರಿಸಿತು. ಬೆನ್ನೆಲುಬಿನ ಕ್ಷಯದಲ್ಲಿ ಕೊರಿಯ ದೇಶದ ಮಸಾನ್, ಪೂಸಾನ್ ಊರುಗಳಲ್ಲಿ ನಡೆದ ಪರೀಕ್ಷೆಗಳ ಫಲ 1973ರಲ್ಲಿ ಪ್ರಕಟವಾಯಿತು: ಸರಿಯಾಗಿ ಔಷಧಿ ನುಂಗುವವರಿಗೆ ತಿಂಗಳುಗಟ್ಟಲೆ ಹಾಸಿಗೆಯಾಗಲಿ ಸುಣ್ಣದ ಕವಚವಾಗಲಿ ಹೆಚ್ಚಿನ ಗುಣ ಕೊಡಲಿಲ್ಲ. ಇನ್ನೊಂದು ಕಡೆ ಹಾಂಕಾಂಗಿನ ಹಾಡ್ಜ್‌ಸನ್ ಮುಂತಾದವರು ಮುಂಭಾಗದಿಂದ ಶಸ್ತ್ರಕ್ರಿಯೆ ಮಾಡಿ ಕೆಟ್ಟ ಎಲುಬನ್ನೆಲ್ಲ ತೆಗೆಯುವ ದಾರಿ ಹಿಡಿದಿದ್ದರು. ಎಲ್ಲರಿಗೂ ಕತ್ತಿ ಬೇಡ, ಎಲ್ಲರಿಗೂ ಹಾಸಿಗೆಯೂ ಬೇಡ. ಔಷಧಿ ಎಲ್ಲರಿಗೆ, ಶಸ್ತ್ರ ಬೇಕಾದವರಿಗೆ ಮಾತ್ರ ಎಂದು ಕಾಶಿಯ ಡಾಕ್ಟರ್ ತೂಲಿಯವರು ಹೇಳಿದ ದಾರಿಗೆ ‘ಮಧ್ಯಮ ಮಾರ್ಗ’ವೆಂದು ಹೆಸರು. ಬುದ್ಧ ಮೊದಲು ಉಪದೇಶಿಸಿದ ಊರಿನ ಪಕ್ಕದಲ್ಲೇ ಈ ಹೆಸರು ಹುಟ್ಟಿದ್ದು ಸೊಗಸಾಗಿದೆ. ಇಂದೂ ಬಹುಮಟ್ಟಿಗೆ ನಡೆಯುತ್ತಿರುವುದು ಇದೇ ಕ್ರಮ.

ನಮ್ಮ ದೇಶದಲ್ಲಿ ಔಷಧಿಯ ಲೆಕ್ಕ ಹೀಗಿದೆ. ಮೊದಲ 2 ತಿಂಗಳು ಐಸೋನಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬ್ಯುಟಾಲ್ ಎಂಬ ನಾಲ್ಕು ಔಷಧಿ. ಆಮೇಲೆ ಪೈರಾಜಿನಮೈಡ್ ಬಿಟ್ಟು ಉಳಿದ ಮೂರು, 10 ತಿಂಗಳು. ಒಟ್ಟು ಒಂದು ವರ್ಷ. ಕೆಲವರಿಗೆ ಒಂದೂವರೆ ವರ್ಷದವರೆಗೂ ಬೇಕಾಗಬಹುದು. ಪ್ರತಿದಿನ, ತೂಕಕ್ಕೆ ತಕ್ಕಷ್ಟು. ಸರಕಾರದ ಕೇಂದ್ರಗಳಲ್ಲಿ ಈ ಔಷಧಿಗೆ ದುಡ್ಡಿಲ್ಲ. ಔಷಧಿಗೆ ಬಗ್ಗದ ಕ್ಷಯವಾದರೆ ಲೆಕ್ಕ ಬೇರೆ. ಅದನ್ನು ಡಾಕ್ಟರರೇ ನಿಶ್ಚಯಿಸುತ್ತಾರೆ. ನೋವಿರುವಷ್ಟು ಕಾಲ ವಿಶ್ರಾಂತಿ, ಬೇಕಾದವರಿಗೆ ಬೆನ್ನಿನ ಪಟ್ಟಿ. ಕಾಲಿನ ಬಲ ಕುಗ್ಗುತ್ತಲೇ ಹೋದರೆ, ಔಷಧಿ ಕೊಟ್ಟು ಕೆಲವು ವಾರವಾದರೂ ಚೇತರಿಸದಿದ್ದರೆ, ಬೆನ್ನೆಲುಬು ನಿಲ್ಲಲಾರದಷ್ಟು ಕುಸಿದಿದ್ದರೆ, ರೋಗ ಯಾವುದೆಂಬ ಸಂದೇಹ ತೀರದಿದ್ದರೆ ಶಸ್ತ್ರಕ್ರಿಯೆ. ಸೋತ ಕಾಲೂ ಬಹುಮಂದಿಗೆ ಮರಳಿ ಬಲ ಪಡೆಯುತ್ತದೆ. ಬೇಗ ಹೋದಷ್ಟೂ ಹೆಚ್ಚು. ಆದರೆ ಒಮ್ಮೆ ಎದ್ದ ಗೂನು ಗುಳಿಗೆಯಿಂದ ಇಳಿಯುವುದಿಲ್ಲ. ಎಳೆಯ ಮಕ್ಕಳಲ್ಲಿ ರೋಗ ವಾಸಿಯಾದ ಮೇಲೂ, ಬೆಳೆಯುವ ವಯಸ್ಸು ಮುಗಿಯುವ ತನಕ ಅದು ಹೆಚ್ಚದಂತೆ ನೋಡಿಸುತ್ತಿರಬೇಕು.

ಗುಳಿಗೆಯ ಉಪದ್ರವಗಳನ್ನೂ ತಿಳಿದಿರಬೇಕು. ಮೂತ್ರ ಕಿತ್ತಳೆಯ ಬಣ್ಣವಾದರೆ ಅಂಜಬೇಡಿ. ಅದು ರಿಫಾಂಪಿಸಿನ್ನಿನ ಬಣ್ಣ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ, ಕೆಂಪು ಹಸಿರಿನ ಭೇದ ತಿಳಿಯದಾದರೆ ಆ ದಿನವೇ ಡಾಕ್ಟರರನ್ನು ಕಾಣಿ. ಅಂಗೈ ಅಂಗಾಲು ಜುಮುಗುಟ್ಟಿದರೂ ಹೇಳಿ. ಅದಕ್ಕೊಂದು ಜೀವಸತ್ವದ ಗುಳಿಗೆ ಉಂಟು. ಹಾಲೂಡಿಸುವ ತಾಯಿ ಈ ಔಷಧಿಗಳ ಕಾರಣದಿಂದ ಹಾಲು ಬಿಡಿಸಬೇಕಾಗಿಲ್ಲ. ಮಕ್ಕಳಾಗದಂತೆ ಗುಳಿಗೆ ನುಂಗುತ್ತಿರುವವರು ಮಾತ್ರ ಸಂಕೋಚಪಡದೆ ತಿಳಿಸಬೇಕು; ರಿಫಾಂಪಿಸಿನ್ ಆ ಗುಳಿಗೆಯ ಬಲವನ್ನು ಕುಂದಿಸುತ್ತದೆ.

ಪ್ರವಾಸಿಗಳಾದ ನಮಗೆ ಇನ್ನೆರಡು ಮಾತು ಮುಖ್ಯ. ಮೊದಲನೆಯದು, ನಡುವೆ ಬಿಡದಿರುವುದು. ಮೂರು ತಿಂಗಳಿಗೆ ನೋವು ಇಳಿಯುತ್ತದೆ, ಮುಖಕ್ಕೆ ಕಳೆ ಬರುತ್ತದೆ, ಊರಿನಲ್ಲಿ ಮದುವೆ ಬರುತ್ತದೆ, ಯಶವಂತಪುರದ ರೈಲು ಹತ್ತುತ್ತೇವೆ, ಗುಳಿಗೆ ಹೌರಾದ ಕಪಾಟಿನಲ್ಲಿ ಉಳಿಯುತ್ತದೆ. ಹೀಗಾಗಬಾರದು. ಸರಕಾರದ ‘ನಿಕ್ಷಯ’ ಪಟ್ಟಿಯಲ್ಲಿ ರೋಗಿಗೆ ಒಂದು ಸಂಖ್ಯೆ ಇರುತ್ತದೆ. ಅದನ್ನು ತೋರಿಸಿದರೆ ಚಿಕಿತ್ಸೆಯನ್ನು ಹಾಸನಕ್ಕೋ ಹುಬ್ಬಳ್ಳಿಗೋ ವರ್ಗ ಮಾಡಿಸಿಕೊಳ್ಳಬಹುದು. ಹೊರಡುವ ಮೊದಲೇ ಕೇಂದ್ರದಲ್ಲಿ ಹೇಳಿ. ವಿಚಾರಿಸಬೇಕಾದರೆ 1800-11-6666 ಎಂಬ ಉಚಿತ ದೂರವಾಣಿ ಉಂಟು.

ಎರಡನೆಯದು ಊಟ. ರೋಗಿಯ ಪೋಷಣೆಗೆಂದು ಸರಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಿಂದ ಅದು 1000 ರೂಪಾಯಿ. ಬ್ಯಾಂಕಿನ ಖಾತೆಗೆ ಬರುತ್ತದೆ. ಹೆಸರು ಬರೆಸುವಾಗಲೇ ಕೇಳಿ. ಊಟದ ಮಹಿಮೆಯನ್ನು ತೋರಿಸಿದವರಲ್ಲಿ ನಮ್ಮ ಮಂಗಳೂರಿನವರೂ ಇದ್ದಾರೆ. ಯೇನೆಪೋಯ ಮೆಡಿಕಲ್ ಕಾಲೇಜಿನ ಡಾಕ್ಟರ್ ಅನುರಾಗ ಭಾರ್ಗವ, ಡಾಕ್ಟರ್ ಮಾಧವಿ ಭಾರ್ಗವ ಮತ್ತು ಸಂಗಡಿಗರು ಪಕ್ಕದ ಜಾರ್ಖಂಡಿನಲ್ಲಿ ಶ್ವಾಸಕೋಶದ ಕ್ಷಯರೋಗಿಗಳ ಮನೆಯವರಿಗೆ ತಿಂಗಳ ರೇಷನ್ ಕೊಟ್ಟು ನೋಡಿದರು. ಹಾಗೆ ಉಂಡ ಮನೆಗಳಲ್ಲಿ ಹೊಸದಾಗಿ ಕ್ಷಯ ಹತ್ತುವುದು ನೂರಕ್ಕೆ ಸುಮಾರು 39ರಷ್ಟು ಕಡಿಮೆಯಾಯಿತೆಂದು 2023ರಲ್ಲಿ ಪ್ರಕಟಿಸಿದರು. ಆದ್ದರಿಂದ ಬೇಳೆ, ಹಾಲು, ಕಡಲೆ, ಉಣ್ಣುವವರಿಗೆ ಮೊಟ್ಟೆ, ಇವನ್ನು ರೋಗಿಯ ತಟ್ಟೆಗೂ ಬಡಿಸಿ, ರೋಗಿಗೆ ಬಡಿಸುವ ಗೃಹಿಣಿಯ ತಟ್ಟೆಗೂ ಬಡಿಸಿ.

ತಟ್ಟೆಯೆಂದಾಗ ನೆನಪಾಯಿತು. ಬೆನ್ನೆಲುಬಿನ ಕ್ಷಯ ಮಾತ್ರ ಇದ್ದು ಶ್ವಾಸಕೋಶ ಶುದ್ಧವಾಗಿದ್ದರೆ ಅದು ಇನ್ನೊಬ್ಬರಿಗೆ ಹತ್ತುವುದಿಲ್ಲ. ಅದನ್ನು ನಿಶ್ಚಯಿಸುವುದಕ್ಕೇ ಎದೆಯ ಚಿತ್ರವನ್ನೂ ತೆಗೆಸುತ್ತಾರೆ. ತಟ್ಟೆ ಬೇರೆ, ಲೋಟ ಬೇರೆ, ಮಗು ಬೇರೆ ಮಾಡುವುದು ರೋಗಕ್ಕೆ ಔಷಧಿಯಲ್ಲ, ರೋಗಿಗೆ ಗಾಯ. ಹಾಗೆಯೇ ಮುಚ್ಚಿಡುವುದೂ ಬೇಡ. ಒಂದು ಕಾಲಕ್ಕೆ ಇದೇ ಕಲ್ಕತ್ತೆಯಲ್ಲಿ ನೌಕರಿ ಮಾಡಿ ಆಮೇಲೆ ಚಿತ್ರನಟರಾದ ಅಮಿತಾಭ್ ಬಚ್ಚನ್ನರಿಗೆ 2000ದಲ್ಲಿ ಬೆನ್ನೆಲುಬಿನ ಕ್ಷಯವಾಗಿತ್ತು. ಒಂದು ವರ್ಷ ಗುಳಿಗೆ ನುಂಗಿ ಗುಣವಾದದ್ದನ್ನು ಅವರೇ ಬಹಿರಂಗವಾಗಿ ಹೇಳಿದ್ದಾರೆ. ಅವರು ಹೇಳಬಹುದಾದರೆ ನಾವೇಕೆ ಪಿಸುಗುಟ್ಟಬೇಕು?

ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಆರಂಭವಾಯಿತು. ಅಲ್ಲಿಯ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬಿಬ್ಬರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ 1963ರಲ್ಲಿ ಒಂದು ವಿಷಯ ಬರೆದರು. ಹಳ್ಳಿಯ ಜನಕ್ಕೆ ರೋಗದ ಪರಿವೆಯಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂದು ಎಲ್ಲರೂ ತಿಳಿದಿದ್ದರು. ನೋಡಿದರೆ ಶ್ವಾಸಕೋಶದ ಕ್ಷಯವಿದ್ದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕೆಮ್ಮೆಂದು ತಾವಾಗಿಯೇ ಹೋಗಿ ಹೇಳಿಕೊಂಡಿದ್ದರು. ಕೆಮ್ಮಿನ ಔಷಧಿಯ ಸೀಸೆ ಪಡೆದು ಮರಳಿದ್ದರು. ಅದನ್ನು ಓದಿದಾಗ ನಮಗೆ ನಮ್ಮ ನೀಲಗಿರಿ ಎಣ್ಣೆಯ ಸೀಸೆ ಕಣ್ಣಮುಂದೆ ಬಂತು. ಹುಡುಗಿ ಬಂದಿದ್ದಳು, ಹೇಳಿದ್ದಳು. ಮೊದಲನೆಯ ಮಾತನ್ನು ಎಲ್ಲರೂ ಕೇಳಿದೆವು. ಎರಡನೆಯದನ್ನು ಯಾರೂ ಕೇಳಲಿಲ್ಲ.

ಆಕೆಗೀಗ ಗುಳಿಗೆಯ ಹನ್ನೊಂದನೆಯ ತಿಂಗಳು. ಶಸ್ತ್ರಕ್ರಿಯೆ ಬೇಕಾಗಲಿಲ್ಲ. ಆರನೆಯ ವಾರದಿಂದಲೇ ಕಾಲಿಗೆ ಬಲ ಬರತೊಡಗಿತು. ಬೆನ್ನಿನ ನಡುವೆ ಸಣ್ಣದೊಂದು ಉಬ್ಬು ಉಳಿದುಕೊಂಡಿದೆ, ಅದು ಉಳಿಯುತ್ತದೆ. ಎರಡು ತಿಂಗಳು ಮುಂಚೆ ಹೋಗಿದ್ದರೆ ಅದೂ ಇರುತ್ತಿರಲಿಲ್ಲವೇನೋ ಎಂಬ ಯೋಚನೆ ಆಕೆಗಿಂತ ನಮ್ಮನ್ನೇ ಹೆಚ್ಚು ಕಾಡುತ್ತದೆ. ಊರಿನ ಅತ್ತೆ ಬಂದು ಮೂರು ತಿಂಗಳಿದ್ದು, ಮಗುವನ್ನು ನೋಡಿಕೊಂಡು, ಸೋಮಾರಿಯೆಂದ ಮಾತನ್ನು ತಮ್ಮ ಕೈಯಡಿಗೆಯಿಂದ ಹಿಂದಕ್ಕೆ ತೆಗೆದುಕೊಂಡರು.

ಬಂಗಾಳಿ ಬಾರದ ಸೋದರಿಯರಿಗೆ ನಾಲ್ಕು ನುಡಿ ಬರೆದುಕೊಟ್ಟು ಮುಗಿಸುತ್ತೇವೆ. ಬೆನ್ನು ನೋಯುತ್ತದೆ: ಪಿಠೇ ಬ್ಯಥಾ. ರಾತ್ರಿ ಹೆಚ್ಚುತ್ತದೆ: ರಾತೇ ಬಾಡೇ. ಜ್ವರ ಬರುತ್ತದೆ: ಜೊರ್ ಆಶೇ. ಕಾಲು ಮರಗಟ್ಟಿದೆ: ಪಾ ಅಬೊಶ್. ಉಚ್ಚಾರ ತಪ್ಪಿದರೆ ಡಾಕ್ಟರ್‌ಬಾಬು ನಕ್ಕಾರು, ನಗಲಿ. ಜೊತೆಗೆ ಹೋಗುವ ಗಂಡಂದಿರಲ್ಲಿ ನಮ್ಮದೊಂದು ಪ್ರಾರ್ಥನೆ: ಆಕೆ ಹೇಳಿದ್ದನ್ನೆಲ್ಲ ಹೇಳಿ, ಎರಡು ಶಬ್ದಕ್ಕೆ ಇಳಿಸಬೇಡಿ. ಮನೆಗೆ ಬಂದು ಬೆನ್ನು ಹಿಡಿದಿದೆ ಎಂದವರಿಗೆ ಎಣ್ಣೆ ಬೇಕಾದರೆ ಕೊಡೋಣ, ಅದಕ್ಕೆ ಮುಂಚೆ ಒಲೆ ಆರಿಸಿ, ಪಕ್ಕದಲ್ಲಿ ಕುಳಿತು, “ರಾತ್ರಿ ಹೇಗಿರುತ್ತೆ?” ಎಂದು ಕೇಳೋಣ.

ಮುಂದಿನ ಸಂಚಿಕೆಯಲ್ಲಿ ವಯಸ್ಸಾದವರ ಮಂಡಿನೋವಿನ ವಿಚಾರ.